ವಾರ್ಡಿನೊಳಗಿನ ಹೃದಯಾಘಾತ ಏಕೆ ಕಾಣುವುದಿಲ್ಲ?

ಹೃದಯಾಘಾತವೆಂದರೆ ರಸ್ತೆಯಲ್ಲೋ ಮನೆಯಲ್ಲೋ ಎದೆ ಹಿಡಿದು ಕುಸಿಯುವವರ ಚಿತ್ರವೇ ನಮ್ಮ ಕಣ್ಮುಂದೆ ಬರುತ್ತದೆ. ಬೇರೆ ಕಾಯಿಲೆಗೆಂದು ಆಸ್ಪತ್ರೆಗೆ ಸೇರಿ, ಅಲ್ಲಿನ ಮಂಚದ ಮೇಲೆಯೇ ಅದಕ್ಕೆ ತುತ್ತಾಗುವವರ ಚರ್ಚೆ ನಡೆಯುವುದು ವಿರಳ. ವೈದ್ಯರು ಕೂಗಳತೆಯಲ್ಲಿರುವಾಗ ಭಯವೇನು ಎಂಬುದು ನಮ್ಮ ಸಮಾಧಾನ. ಅಂಕಿಅಂಶಗಳು ಹೇಳುವುದೇ ಬೇರೆ. ಅಮೆರಿಕದ ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳ ದಾಖಲೆ ಆಧರಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೊರಗೆ ತೀವ್ರ ಹೃದಯಾಘಾತವಾಗಿ ಆಸ್ಪತ್ರೆಗೆ ಬಂದವರಲ್ಲಿ ಸತ್ತವರು ಸುಮಾರು ಶೇ 9. ಒಳರೋಗಿಗಳಾಗಿದ್ದಾಗಲೇ ಅದಕ್ಕೆ ತುತ್ತಾದವರಲ್ಲಿ ಮೂವರಿಗೊಬ್ಬರು. ವಯಸ್ಸು, ಇತರ ಕಾಯಿಲೆಗಳನ್ನು ಗಣನೆಗೆ ತೆಗೆದುಕೊಂಡ ಮೇಲೂ ಈ ಅಂತರ ಅಳಿಯಲಿಲ್ಲ.

ಬಸವೇಶ್ವರನಗರದ ನಮ್ಮ ನೆರೆಮನೆಯ ವೃದ್ಧೆಯೊಬ್ಬರಿಗೆ ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿತ್ತು. ಮರುದಿನ ರಾತ್ರಿ ವಾಂತಿ, ಮೈತುಂಬ ಬೆವರು. ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದ ಮಗಳು ಎರಡು ಬಾರಿ ಎದ್ದುಹೋಗಿ ತಿಳಿಸಿದರು. 'ಗ್ಯಾಸ್ಟ್ರಿಕ್ ಇರಬೇಕು' ಎಂಬ ಉತ್ತರದೊಡನೆ ಒಂದು ಇಂಜೆಕ್ಷನ್ ದೊರೆಯಿತು. ಇಸಿಜಿ ತೆಗೆದದ್ದು ಬೆಳಗಿನ ರೌಂಡ್ಸ್ ವೇಳೆಗೆ. ಅವರು ಬದುಕುಳಿದರು, ಆದರೆ ನಾಲ್ಕು ಹೆಜ್ಜೆ ನಡೆದರೆ ಈಗ ಏದುಸಿರು.

ನಮ್ಮಲ್ಲಿ ಎಲ್ಲ ಸಂಕಟಕ್ಕೂ ಗ್ಯಾಸ್ಟ್ರಿಕ್ಕೇ ಮೊದಲ ಹೆಸರು! ಆ ದಾದಿಯೊಬ್ಬರನ್ನೇ ದೂರುವುದು ನ್ಯಾಯವಲ್ಲ. ಶಸ್ತ್ರಚಿಕಿತ್ಸೆಯ ನಂತರದ ನೋವುನಿವಾರಕಗಳು ಎದೆನೋವನ್ನೂ ಮರೆಸುತ್ತವೆ. ದೀರ್ಘಕಾಲದ ಮಧುಮೇಹ ನರಗಳ ಸಂವೇದನೆಯನ್ನು ಕುಗ್ಗಿಸಿರುತ್ತದೆ. 2011ರಲ್ಲಿ ಪ್ರಕಟವಾದ 'ಪಾಯಿಸ್' ಅಧ್ಯಯನದ ವರದಿಯಲ್ಲಿ, ಶಸ್ತ್ರಚಿಕಿತ್ಸೆಯ ಬಳಿಕ ಹೃದಯಾಘಾತವಾದವರ ಪೈಕಿ ಸುಮಾರು ಮೂರನೇ ಎರಡರಷ್ಟು ಮಂದಿಗೆ ಎದೆನೋವಿನಂಥ ಲಕ್ಷಣಗಳೇ ಇರಲಿಲ್ಲ. ಬಹುತೇಕ ಪ್ರಕರಣಗಳು ಘಟಿಸಿದ್ದು ಮೊದಲ 48 ಗಂಟೆಗಳಲ್ಲಿ. ಅಂದರೆ ಎಲ್ಲರ ಗಮನ ಹೊಲಿಗೆಯ ಮೇಲಿರುವ ಹೊತ್ತಿನಲ್ಲೇ. ಇದಕ್ಕೆ ಪಾಳಿ ಬದಲಾವಣೆ, ಅಪರಾತ್ರಿ ಹಿರಿಯ ವೈದ್ಯರನ್ನು ಎಬ್ಬಿಸಲು ಕಿರಿಯರಿಗಿರುವ ಅಳುಕು, ತೆಗೆದ ಇಸಿಜಿಯನ್ನು ಹಳೆಯದರೊಡನೆ ಹೋಲಿಸದೆ ಕಡತಕ್ಕೆ ಸೇರಿಸುವ ರೂಢಿಯೂ ಕೂಡಿಕೊಳ್ಳುತ್ತವೆ.

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ನಿಧನರಾದ ಬಳಿಕ, ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ 2023ರಲ್ಲಿ 'ಹೃದಯ ಜ್ಯೋತಿ' ಯೋಜನೆ ಆರಂಭಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದಿಂದಲೇ ಪರಿಶೀಲಿಸಿ, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ವ್ಯವಸ್ಥೆಯಿದು. ಸ್ತುತ್ಯರ್ಹ ಕ್ರಮ. ಆದರೆ ಇದು ಎದೆನೋವೆಂದು ಬಾಗಿಲಿಗೆ ಬಂದವರಿಗೆ. ಒಳಗೆ ಮಲಗಿರುವವರ ಪಾಲಿಗೆ ಇಂಥ ಎಚ್ಚರದ ಗಂಟೆ ಎಲ್ಲಿದೆ?

ಬೇಕಿರುವುದು ದೊಡ್ಡ ವೆಚ್ಚವೇನಲ್ಲ. ಕಾರಣ ತಿಳಿಯದ ಬೆವರು, ಉಸಿರಾಟದ ತೊಂದರೆ, ರಕ್ತದೊತ್ತಡದ ಕುಸಿತ ಕಂಡಾಗ ಯಾರ ಅಪ್ಪಣೆಗೂ ಕಾಯದೆ ಹತ್ತು ನಿಮಿಷದೊಳಗೆ ಇಸಿಜಿ ತೆಗೆಯುವ ಅಧಿಕಾರ ದಾದಿಗಿರಬೇಕು. ಅಪಾಯ ಹೆಚ್ಚಿರುವವರಿಗೆ ಶಸ್ತ್ರಚಿಕಿತ್ಸೆಯ ನಂತರದ ಎರಡು ದಿನ ಟ್ರೋಪೋನಿನ್ ರಕ್ತಪರೀಕ್ಷೆ ನಡೆಯಬೇಕು. ಖಾಸಗಿ ಆಸ್ಪತ್ರೆಗಳ ನೋಂದಣಿಗೆಂದೇ ರಾಜ್ಯದಲ್ಲಿ 2007ರ ಕಾಯ್ದೆಯಿದೆ. ಅದರ ನಿಯಮಗಳಲ್ಲಿ ಈ ಷರತ್ತುಗಳನ್ನೂ ಏಕೆ ಸೇರಿಸಬಾರದು?