ಸಸಿಯ ಗುಣವೋ, ಮಣ್ಣಿನ ಗುಣವೋ

ಮಾರ್ಚ್ ಕೊನೆಯ ಹೊತ್ತಿಗೆ ಒಂದು ಸಂಜೆ ಅಮೆರಿಕದ ಎಂಟು ಐವಿ ಲೀಗ್ ವಿಶ್ವವಿದ್ಯಾಲಯಗಳು ಒಟ್ಟಿಗೇ ಫಲಿತಾಂಶ ಬಿಡುತ್ತವೆ. ಎಂಐಟಿ ಅದಕ್ಕೂ ಮುಂಚೆ, ಸಾಮಾನ್ಯವಾಗಿ ಮಾರ್ಚ್ 14ರಂದೇ ಬಿಟ್ಟಿರುತ್ತದೆ. ಮೂರನೆಯ ತಿಂಗಳ ಹದಿನಾಲ್ಕು, ಅಂದರೆ 3.14, ಪೈ ದಿನ. (ಎಲ್ಲಿ ತಮಾಷೆ ಮಾಡಬೇಕು, ಎಲ್ಲಿ ಕೂಡದು ಎಂಬುದು ಗಣಿತದವರಿಗೆ ಎಂದೂ ತಿಳಿದಿಲ್ಲ.) ಬಹುಪಾಲು ಮಕ್ಕಳಿಗೆ ಎಲ್ಲ ಕಡೆಯಿಂದಲೂ 'ಕ್ಷಮಿಸಿ' ಎಂಬ ಪತ್ರ ಬರುತ್ತದೆ. ಕೆಲವೇ ಮಕ್ಕಳಿಗೆ ಮೂರು ನಾಲ್ಕು ಕಡೆಯಿಂದ 'ಬನ್ನಿ' ಎಂದು ಬರುತ್ತದೆ. ಅವರು ಮೇ 1ರೊಳಗೆ ಒಂದು ಕಡೆ ಒಪ್ಪಿಗೆ ಕೊಟ್ಟು ಮುಂಗಡ ಕಟ್ಟಬೇಕು, ಉಳಿದವನ್ನು ಬಿಡಬೇಕು.

ಅಳುವವರ ಮನೆಗಿಂತ ಈ ಮನೆಗಳಲ್ಲಿ ಗಲಾಟೆ ಹೆಚ್ಚು. ಅಪ್ಪನಿಗೆ ಒಂದು ಹೆಸರು, ಅಮ್ಮನಿಗೆ ಇನ್ನೊಂದು, ಬೆಂಗಳೂರಿನಿಂದ ಫೋನು ಮಾಡುವ ದೊಡ್ಡಪ್ಪನಿಗೆ ತಾನು ಕೇಳಿದ ಏಕೈಕ ಹೆಸರು.

ಕರ್ನಾಟಕದಲ್ಲಿ ಸಿಇಟಿ ನೋಡಿದವರಿಗೆ ಈ ಪೇಚು ವಿಚಿತ್ರವೆನಿಸಬಹುದು. ಇಲ್ಲಿ ಆಪ್ಷನ್ ಎಂಟ್ರಿಯಲ್ಲಿ ಕಾಲೇಜುಗಳ ಸಾಲನ್ನು ಮೊದಲೇ ಬರೆದುಕೊಡಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ರ‍್ಯಾಂಕ್ ನೋಡಿ ಒಂದೇ ಒಂದು ಸೀಟು ಹಂಚುತ್ತದೆ. ಆಮೇಲೆ ಉಳಿಯುವುದು ನಾಲ್ಕು ಛಾಯ್ಸ್: ಒಪ್ಪಿ ಸೇರು, ಇಟ್ಟುಕೊಂಡು ಮೇಲಿನದಕ್ಕೆ ಕಾಯಿ, ಬಿಟ್ಟು ಮುಂದಿನ ಸುತ್ತಿಗೆ ಹೋಗು, ಇಲ್ಲವೇ ಹೊರನಡೆ. ಯೋಚನೆಯೆಲ್ಲ ಸೀಟು ಸಿಗುವ ಮೊದಲೇ ಮುಗಿದಿರುತ್ತದೆ. ಅಮೆರಿಕದಲ್ಲಿ ಸೀಟುಗಳೆಲ್ಲ ಕೈಗೆ ಬಂದ ಮೇಲೆ ಯೋಚನೆ ಶುರು.

ಮೊದಲು ನಾಲ್ಕಾರು ಪದ. ಐವಿ ಲೀಗ್ ಎನ್ನುವುದು ಮೂಲದಲ್ಲಿ ಒಂದು ಕ್ರೀಡಾ ಒಕ್ಕೂಟ. 1954ರ ಒಪ್ಪಂದದಲ್ಲಿ ಗಟ್ಟಿಯಾದ ಎಂಟು ಸಂಸ್ಥೆಗಳ ಕೂಟ. ಸ್ಟ್ಯಾನ್‌ಫೋರ್ಡ್, ಎಂಐಟಿ ಅದರಲ್ಲಿಲ್ಲ. ಅವನ್ನೂ ಡ್ಯೂಕ್, ಷಿಕಾಗೊಗಳನ್ನೂ ಸೇರಿಸಿದ ಹನ್ನೆರಡನ್ನು ಸಂಶೋಧಕರು 'ಐವಿ ಪ್ಲಸ್' ಎನ್ನುತ್ತಾರೆ. ಅರ್ಜಿ ಹಾಕಿದ ನೂರರಲ್ಲಿ ಎಷ್ಟು ಜನರನ್ನು ಕರೆದರು ಎಂಬುದು ಪ್ರವೇಶ ಪ್ರಮಾಣ. 2024ರಲ್ಲಿ ಹಾರ್ವರ್ಡ್‌ಗೆ 54 ಸಾವಿರ ಅರ್ಜಿ ಬಂದು 1,937 ಮಕ್ಕಳಿಗೆ ಕರೆ ಹೋಯಿತು. ಕರೆದವರಲ್ಲಿ ಎಷ್ಟು ಜನ ಬಂದು ಸೇರಿದರು ಎಂಬುದು 'ಯೀಲ್ಡ್'. ರೈತರ ಇಳುವರಿಯ ಪದವೇ ಅದು. 'ಅರ್ಲಿ ಡಿಸಿಷನ್' ಎಂದು ಅರ್ಜಿ ಹಾಕಿದವರು ಕರೆ ಬಂದರೆ ಸೇರುತ್ತೇನೆಂದು ಮೊದಲೇ ಮಾತು ಕೊಟ್ಟಿರುತ್ತಾರೆ, ಅವರಿಗೆ ಈ ಲೇಖನ ಬೇಕಿಲ್ಲ.

ಇನ್ನು ದುಡ್ಡು. ಇಲ್ಲಿ ಒಂದು ಸ್ವಾರಸ್ಯದ ಚರಿತ್ರೆ ಇದೆ. 1958ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಎಂಟು ಐವಿಗಳೂ ಎಂಐಟಿಯೂ ವರ್ಷಕ್ಕೊಮ್ಮೆ ಸಭೆ ಸೇರುತ್ತಿದ್ದವು. 'ಓವರ್‌ಲ್ಯಾಪ್' ಎಂದು ಅದರ ಹೆಸರು. ಒಂದಕ್ಕಿಂತ ಹೆಚ್ಚು ಕಡೆ ಸೀಟು ಸಿಕ್ಕ ಮಕ್ಕಳ ಪಟ್ಟಿ ಹಿಡಿದು, ಆ ಕುಟುಂಬ ತನ್ನ ಕೈಯಿಂದ ಎಷ್ಟು ಕಟ್ಟಬೇಕು ಎಂದು ಎಲ್ಲರೂ ಕೂತು ಒಂದೇ ಲೆಕ್ಕಕ್ಕೆ ಬರುತ್ತಿದ್ದರು. ಮಗು ಓದಿನ ಮೇಲೆ ಆರಿಸಲಿ, ಬೆಲೆಯ ಮೇಲೆ ಬೇಡ ಎಂಬುದು ಅವರ ವಾದ. ಅಮೆರಿಕದ ನ್ಯಾಯ ಇಲಾಖೆಗೆ ಇದು ವ್ಯಾಪಾರಿಗಳು ಕೂಡಿಕೊಂಡು ಬೆಲೆ ಕಟ್ಟಿದ ಹಾಗೆ ಕಂಡಿತು. 1991ರಲ್ಲಿ ಮೊಕದ್ದಮೆ ಹೂಡಿತು. ಎಂಟು ಐವಿಗಳು ತಕ್ಷಣ ರಾಜಿಯಾದವು. ಎಂಐಟಿ ಮಾತ್ರ ಕೋರ್ಟಿನಲ್ಲಿ ಸೆಣಸಿ, 1993ರ ಕೊನೆಗೆ ರಾಜಿ ಮಾಡಿಕೊಂಡಿತು. ಮರುವರ್ಷ ಬಂದ ಕಾನೂನಿನ 568ನೇ ಸೆಕ್ಷನ್ ಹಣಕಾಸಿನ ನೆರವಿನ ಸಾಮಾನ್ಯ ಸೂತ್ರದ ಮಟ್ಟಿಗೆ ಕೆಲವು ವಿನಾಯಿತಿ ಕೊಟ್ಟಿತ್ತು. ಅದರ ಅವಧಿಯೂ 2022ರಲ್ಲಿ ಮುಗಿಯಿತು.

ಹಾಗಾಗಿ ಈಗ ಒಂದೇ ಮನೆಗೆ ಮೂರು ವಿಶ್ವವಿದ್ಯಾಲಯಗಳು ಮೂರು ಬೆಲೆ ಹೇಳಬಹುದು. ಒಂದರ ಪತ್ರ ತೋರಿಸಿ ಇನ್ನೊಂದರಲ್ಲಿ ಮರುಪರಿಶೀಲನೆ ಕೇಳುವುದೂ ಉಂಟು. ಚೌಕಾಸಿ ಎಂದು ನಾಚುವ ಭಾರತೀಯ ತಂದೆತಾಯಿಯರು ತಿಳಿಯಬೇಕಾದದ್ದು: ಅಲ್ಲಿ ಅದಕ್ಕೆ 'ಅಪೀಲು' ಎಂಬ ಗೌರವದ ಹೆಸರಿದೆ, ಕೆಲವು ಕಡೆ ಅದಕ್ಕೆಂದೇ ಒಂದು ಫಾರಂ ಕೂಡ.

ಎಡವುವ ಜಾಗ ನೆರವಿನ ಪತ್ರದ ಒಳಗಿದೆ. ಸುಮ್ಮನೆ ಲೆಕ್ಕಕ್ಕೆ, ಎರಡು ಕಡೆಯೂ ವರ್ಷದ ಒಟ್ಟು ಖರ್ಚು 85 ಸಾವಿರ ಡಾಲರ್ ಎಂದುಕೊಳ್ಳಿ. ಒಂದು ಪತ್ರ 60 ಸಾವಿರದ ನೆರವು ಎನ್ನುತ್ತದೆ, ಇನ್ನೊಂದು 50 ಸಾವಿರ ಎನ್ನುತ್ತದೆ. ಮೊದಲನೆಯದನ್ನು ಬಿಡಿಸಿ ನೋಡಿದರೆ 40 ಸಾವಿರ ಗ್ರಾಂಟು (ಮರಳಿಸಬೇಕಿಲ್ಲದ ಹಣ), 15 ಸಾವಿರ ಸಾಲ, 5 ಸಾವಿರ ಕ್ಯಾಂಪಸ್ಸಿನಲ್ಲಿ ದುಡಿದು ಗಳಿಸಬೇಕಾದದ್ದು. ಎರಡನೆಯದು ಪೂರಾ ಗ್ರಾಂಟು. ಕಮ್ಮಿ ಕಂಡದ್ದೇ ವರ್ಷಕ್ಕೆ 10 ಸಾವಿರ ಅಗ್ಗ! ಸಾಲವನ್ನೂ ನೆರವಿನ ಸಾಲಿನಲ್ಲಿ ಕೂರಿಸುವ ಈ ಜಾಣತನ ಅಪರೂಪದ್ದಲ್ಲ. ಅಮೆರಿಕದ ಸರ್ಕಾರಿ ಲೆಕ್ಕ ಪರಿಶೋಧನಾ ಕಚೇರಿ 2022ರಲ್ಲಿ ಅಂದಾಜಿಸಿದಂತೆ, ನೂರಕ್ಕೆ 91 ಕಾಲೇಜುಗಳ ನೆರವಿನ ಪತ್ರಗಳು ಕುಟುಂಬ ನಿಜಕ್ಕೂ ತೆರಬೇಕಾದ ಮೊತ್ತವನ್ನು ಹೇಳುವುದೇ ಇಲ್ಲ, ಇಲ್ಲವೇ ಕಡಿಮೆ ಮಾಡಿ ಹೇಳುತ್ತವೆ. ಭಾರತದಿಂದ ಹೋಗುವ ಮಕ್ಕಳಿಗೆ ಅಲ್ಲಿನ ಕೇಂದ್ರ ಸರ್ಕಾರದ ಸಾಲವೂ ಸಿಗುವುದಿಲ್ಲ. ಅವರು ಗ್ರಾಂಟಿನ ಸಾಲನ್ನಷ್ಟೇ ಓದಿದರೆ ಸಾಕು.

ದುಡ್ಡಿನ ಮಾತು ಇಷ್ಟು. ಇನ್ನು ದೊಡ್ಡಪ್ಪನ ಮಾತಿಗೆ ಬರೋಣ: "ಹೆಸರಿರುವ ಕಡೆ ಹೋಗು, ಅಲ್ಲಿ ಓದಿದವರೆಲ್ಲ ಎಷ್ಟು ಸಂಪಾದಿಸುತ್ತಾರೆ ನೋಡು."

ಸಂಪಾದಿಸುತ್ತಾರೆ, ಸುಳ್ಳಲ್ಲ. ಆದರೆ ಅಡಿಕೆ ನರ್ಸರಿಗೆ ಹೋದ ಒಬ್ಬ ಕೃಷಿಕನನ್ನು ನೆನೆಯಿರಿ. ಸಾವಿರ ಸಸಿಗಳ ನಡುವೆ ಕೂತು, ಬುಡ ದಪ್ಪ ಇರುವ, ಗರಿ ಹಚ್ಚಗಿರುವ ಐವತ್ತನ್ನು ಮಾತ್ರ ಆರಿಸಿ ತಂದು ನೆಟ್ಟ. ಕೆಲವು ವರ್ಷ ಕಳೆದು ಗೊನೆ ಬಿಟ್ಟಾಗ, 'ನಮ್ಮ ಮಣ್ಣಿನ ಗುಣ ನೋಡಿ' ಎಂದು ಊರಿಗೆಲ್ಲ ತೋರಿಸಿದ. ಮಣ್ಣೂ ಒಳ್ಳೆಯದಿರಬಹುದು. ಆದರೆ ಆ ಫಸಲಿನಲ್ಲಿ ಮಣ್ಣಿನ ಪಾಲೆಷ್ಟು, ಸಸಿಯ ಪಾಲೆಷ್ಟು? ತೋಟ ನೋಡಿ ಇದನ್ನು ಹೇಳಲಾಗದು. ಹೇಳಬೇಕಾದರೆ ಅಷ್ಟೇ ಗಟ್ಟಿಯಾದ ಸಸಿಗಳನ್ನು ಪಕ್ಕದ ಸಾಧಾರಣ ಜಮೀನಿನಲ್ಲಿ ನೆಟ್ಟು ನೋಡಬೇಕು. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಆಯ್ಕೆಯ ಪರಿಣಾಮ ಎನ್ನುತ್ತಾರೆ. ಓದುಗರು ಒಂದೇ ಒಂದು ಪದ ನೆನಪಿಡುವುದಾದರೆ ಇದನ್ನೇ ಇಟ್ಟುಕೊಳ್ಳಲಿ.

ಪಕ್ಕದ ಜಮೀನನ್ನು ಹುಡುಕಿದವರು ಸಂಶೋಧಕರಾದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್. 1976ರಲ್ಲಿ 30 ಕಾಲೇಜುಗಳಿಗೆ ಸೇರಿದವರ ದಾಖಲೆ ಅವರ ಮುಂದಿತ್ತು. ಅವರು ಹೋಲಿಸಿದ್ದು ಎರಡು ಕಾಲೇಜುಗಳನ್ನಲ್ಲ, ಒಂದೇ ಮಟ್ಟದ ಕಾಲೇಜುಗಳಿಂದ 'ಹೌದು', ಒಂದೇ ಮಟ್ಟದ ಕಾಲೇಜುಗಳಿಂದ 'ಇಲ್ಲ' ಪಡೆದ ಮಕ್ಕಳನ್ನು. ಅಂದರೆ ಪ್ರವೇಶ ಸಮಿತಿಗಳು ಪ್ರಬಂಧ, ಶಿಫಾರಸು ಪತ್ರ ಎಲ್ಲ ಓದಿ ಒಂದೇ ತೂಕ ಎಂದು ಕಂಡವರು. ಅವರಲ್ಲಿ ಕೆಲವರು ಹೆಚ್ಚು ಹೆಸರಿನ ಕಡೆ ಹೋಗಿದ್ದರು, ಕೆಲವರು ಕಡಿಮೆ ಹೆಸರಿನ ಕಡೆ. 1995ರ ಸಂಬಳ ನೋಡಿದರೆ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ. 2002ರಲ್ಲಿ ಇದು ಅಚ್ಚಾದಾಗ ಅನೇಕರಿಗೆ ಕಸಿವಿಸಿಯಾಯಿತು. 1989ರಲ್ಲಿ ಸೇರಿದವರ ಗಳಿಕೆಯನ್ನು ಸರ್ಕಾರಿ ದಾಖಲೆಗಳಲ್ಲಿ ನೋಡಿ ಇಬ್ಬರೂ 2014ರಲ್ಲಿ ಮತ್ತೊಂದು ಲೇಖನ ಬರೆದರು; ಉತ್ತರ ಬದಲಾಗಲಿಲ್ಲ.

ಅಪವಾದಗಳಿದ್ದವು, ಅವು ಸಣ್ಣವಲ್ಲ. ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳಿಗೆ, ಹೆಚ್ಚು ಓದದ ತಂದೆತಾಯಿಯರ ಮಕ್ಕಳಿಗೆ ಹೆಸರಿನ ಕಾಲೇಜು ನಿಜಕ್ಕೂ ಲಾಭ ತಂದಿತ್ತು. ಪರಿಚಯದ ಜಾಲ ಮನೆಯಲ್ಲಿಲ್ಲದವರಿಗೆ ಅದನ್ನು ಕಾಲೇಜೇ ಕೊಟ್ಟಿರಬೇಕು.

ಇಲ್ಲಿ ಬೇರೆ ಬಗೆಯ ದೊಡ್ಡಪ್ಪನೊಬ್ಬ ಎದ್ದು ಸಿನಿಮಾ ನಿರ್ದೇಶಕ ಸ್ಪೀಲ್‌ಬರ್ಗ್ ಹೆಸರು ಎತ್ತುತ್ತಾನೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಬೇಡವೆಂದ ಮೇಲೆ ಅವರು ಲಾಂಗ್ ಬೀಚ್‌ನ ಸರ್ಕಾರಿ ವಿಶ್ವವಿದ್ಯಾಲಯ ಸೇರಿ, ನಡುವೆ ಬಿಟ್ಟು, 2002ರಲ್ಲಿ ಪದವಿ ಮುಗಿಸಿದ್ದು ನಿಜ. ಆದರೆ ಒಬ್ಬರ ಕಥೆ ಕಥೆಯೇ, ಪುರಾವೆಯಲ್ಲ. ಸಾವಿರಾರು ಜನರ ದಾಖಲೆ ಬೇಕಾದದ್ದೇ ಅದಕ್ಕೆ.

ಎರಡು ದಶಕ ಕಳೆದು, 2023ರಲ್ಲಿ ಅರ್ಥಶಾಸ್ತ್ರಜ್ಞರಾದ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ ಇನ್ನೊಂದು ಪಕ್ಕದ ಜಮೀನು ಕಂಡುಹಿಡಿದರು: ವೇಟ್‌ಲಿಸ್ಟ್. ಆ ಪಟ್ಟಿಯಿಂದ ಯಾರಿಗೆ ಕರೆ ಬರುತ್ತದೆ ಎಂಬುದರಲ್ಲಿ ಅದೃಷ್ಟದ ಪಾಲು ದೊಡ್ಡದು. ಆ ವರ್ಷ ಆರ್ಕೆಸ್ಟ್ರಾಗೆ ಒಬ್ಬ ವಾದಕ ಬೇಕಿತ್ತು ಎಂಬಂಥ ಕಾರಣವೂ ಸಾಕು. ಹೀಗೆ ಒಳಗೆ ಹೋದವರನ್ನೂ ಹೊರಗುಳಿದವರನ್ನೂ ಹೋಲಿಸಿದರು. ಸರಾಸರಿ ಆದಾಯದಲ್ಲಿ ವ್ಯತ್ಯಾಸ ಮತ್ತೆ ಅತ್ಯಲ್ಪ. ಆದರೆ ತುದಿಯಲ್ಲಿ ಬೇರೆಯೇ ಚಿತ್ರ. ರಾಜ್ಯದ ಪ್ರಮುಖ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೋಗುವ ಬದಲು ಐವಿ ಪ್ಲಸ್‌ಗೆ ಹೋದವರಿಗೆ, ಅತಿ ಹೆಚ್ಚು ಗಳಿಸುವ ನೂರಕ್ಕೊಬ್ಬರಲ್ಲಿ ಸೇರುವ ಸಾಧ್ಯತೆ ಒಂದೂವರೆಪಟ್ಟು. ಹೆಸರಾಂತ ಸ್ನಾತಕೋತ್ತರ ಸಂಸ್ಥೆ ಸೇರುವ ಸಾಧ್ಯತೆ ಸುಮಾರು ಎರಡರಷ್ಟು, ಪ್ರತಿಷ್ಠಿತ ಕಂಪನಿ ಸೇರುವುದು ಸುಮಾರು ಮೂರರಷ್ಟು.

ಸರಾಸರಿ ಅಲುಗಾಡದೆ ತುದಿ ಮಾತ್ರ ಮೇಲೇಳುವುದು ಹೇಗೆ ಎಂದು ಕೇಳದವರೇ ಇಲ್ಲ. ಹತ್ತು ಮರದ ಸಾಲಿನಲ್ಲಿ ಒಂದು ಮರ ನಾಲ್ಕು ಗೊನೆ ಹೆಚ್ಚು ಬಿಟ್ಟು, ನಾಲ್ಕು ಮರಗಳಲ್ಲಿ ಒಂದೊಂದು ಗೊನೆ ಕಡಿಮೆಯಾದರೂ, ಸರಾಸರಿ ಅಷ್ಟೇ ನಿಂತಿರುತ್ತದೆ. ಸರಾಸರಿ ನೋಡಿದವನಿಗೆ ಆ ಒಂದು ಮರ ಕಾಣುವುದೇ ಇಲ್ಲ.

ಹೆಚ್ಚಿನವರು ಕೊನೆಗೂ ಮರೆಯುವ ಸಂಗತಿ ಒಂದಿದೆ. ಈ ಹೋಲಿಕೆ ಐವಿ ಪ್ಲಸ್‌ಗೂ ಸರ್ಕಾರಿ ವಿಶ್ವವಿದ್ಯಾಲಯಕ್ಕೂ ನಡುವಿನದು. ಯೇಲ್ ಮತ್ತು ಪ್ರಿನ್ಸ್‌ಟನ್ ಎರಡರ ಪತ್ರವನ್ನೂ ಹಿಡಿದು ಕೂತ ಹುಡುಗಿಗೆ ಅದು ಏನೂ ಹೇಳುವುದಿಲ್ಲ. ಅವಳ ಸಸಿ ಗಟ್ಟಿ ಎಂದು ಎರಡೂ ಕಡೆ ಮುದ್ರೆ ಬಿದ್ದಾಗಿದೆ. ಆ ಎರಡರ ನಡುವೆ ಹೆಸರಿನ ತೂಕ ನೋಡುವುದು ವ್ಯರ್ಥ ಎಂಬುದೇ ನನ್ನ ಅಭಿಪ್ರಾಯ.

ಅವಳು ನೋಡಬೇಕಾದದ್ದು ಒಳಗಿನ ಬಾಗಿಲುಗಳನ್ನು. ಎಂಐಟಿಯಲ್ಲಿ ಮೊದಲ ವರ್ಷ ಮುಗಿಸಿ ಯಾವ ವಿಭಾಗ ಬೇಕಾದರೂ ಆರಿಸಬಹುದು. ಕಾರ್ನೆಗಿ ಮೆಲನ್‌ನಲ್ಲಿ ಕಂಪ್ಯೂಟರ್ ವಿಜ್ಞಾನದ ಶಾಲೆಗೆ ಬೇರೆಯಾಗಿಯೇ ಪ್ರವೇಶ ಪಡೆಯಬೇಕು. ಬರ್ಕ್‌ಲಿಯೂ 2023ರಿಂದ ಕಂಪ್ಯೂಟರ್ ವಿಜ್ಞಾನಕ್ಕೆ ಮೊದಲ ವರ್ಷವೇ ನೇರ ಪ್ರವೇಶ ಕೊಡುತ್ತಿದೆ, ಬೇರೆ ವಿಷಯದಿಂದ ಆಮೇಲೆ ಒಳಸೇರುವುದು ಕಷ್ಟ. ಕರೆ ಬಂದಿರುವುದು ವಿಶ್ವವಿದ್ಯಾಲಯದಿಂದಲೋ, ಬೇಕಾದ ವಿಭಾಗದಿಂದಲೋ ಎಂದು ಪತ್ರ ತಿರುಗಿಸಿ ನೋಡದೆ ಒಪ್ಪಿಗೆ ಕೊಡಬಾರದು. ಪಿಎಚ್‌ಡಿಗೆ ಹೋಗುವವರ ಲೆಕ್ಕ ಬೇರೆ: ಅಲ್ಲಿ ಮಾರ್ಗದರ್ಶಕರೇ ಮುಖ್ಯ. ಧನಸಹಾಯದ ಕರೆಗೆ ಏಪ್ರಿಲ್ 15ಕ್ಕಿಂತ ಮುಂಚೆ ಉತ್ತರ ಕೊಡಲೇಬೇಕೆಂದು ಒತ್ತಾಯಿಸುವುದಿಲ್ಲ ಎಂಬ ಒಪ್ಪಂದಕ್ಕೆ ಬಹಳಷ್ಟು ಸಂಸ್ಥೆಗಳು ಸಹಿ ಹಾಕಿವೆ.

ರ‍್ಯಾಂಕಿಂಗ್ ಪಟ್ಟಿ? 2022ರಲ್ಲಿ ಕೊಲಂಬಿಯಾದ ಗಣಿತ ಪ್ರಾಧ್ಯಾಪಕ ಮೈಕೆಲ್ ಥಡಿಯಸ್ ತಮ್ಮದೇ ವಿಶ್ವವಿದ್ಯಾಲಯ ಯುಎಸ್ ನ್ಯೂಸ್ ಪಟ್ಟಿಗೆ ಕೊಟ್ಟ ಅಂಕಿಗಳನ್ನು ಪ್ರಶ್ನಿಸಿದರು. ಇಪ್ಪತ್ತಕ್ಕಿಂತ ಕಡಿಮೆ ವಿದ್ಯಾರ್ಥಿಗಳಿರುವ ತರಗತಿಗಳು ನೂರಕ್ಕೆ 82.5 ಎಂದು ಬರೆದಿತ್ತು. ಮತ್ತೆ ಎಣಿಸಿದಾಗ ಸುಮಾರು 57. ಎರಡನೆಯ ಸ್ಥಾನದಲ್ಲಿದ್ದ ಕೊಲಂಬಿಯಾ ಹದಿನೆಂಟಕ್ಕೆ ಇಳಿಯಿತು. ಆ ವರ್ಷ ಅಲ್ಲಿನ ಪಾಠ ಹದಿನಾರು ಮೆಟ್ಟಿಲು ಕೆಟ್ಟಿರಲಿಲ್ಲ ಎಂಬುದಂತೂ ಖಂಡಿತ. ಪಟ್ಟಿಯ ಬದಲು 'ಕಾಮನ್ ಡೇಟಾ ಸೆಟ್' ಎಂಬ ದಾಖಲೆ ನೋಡುವುದು ಮೇಲು. ಬಹಳಷ್ಟು ವಿಶ್ವವಿದ್ಯಾಲಯಗಳು ಒಂದೇ ನಮೂನೆಯಲ್ಲಿ ಅದನ್ನು ಪ್ರತಿವರ್ಷ ಪ್ರಕಟಿಸುತ್ತವೆ. ಎಚ್ ಭಾಗದಲ್ಲಿ ನೆರವು, ಐ ಭಾಗದಲ್ಲಿ ತರಗತಿಯ ಗಾತ್ರ. ಒಂದು ಸಂಜೆಯ ಕೆಲಸ.

ಕೊನೆಗೊಂದು ಮಾತು ಕನ್ನಡದ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ವಿದ್ಯಾರ್ಥಿಗಳಿಗೆ. ಸಸಿ–ಮಣ್ಣಿನ ಪ್ರಶ್ನೆಗೆ ಬೇಕಾದ ಪಕ್ಕದ ಜಮೀನು ನಿಮ್ಮ ಊರಲ್ಲೇ ಇದೆ. ಕೆಇಎ ಪ್ರತಿವರ್ಷ ಪ್ರಕಟಿಸುವ ಕಟಾಫ್ ರ‍್ಯಾಂಕುಗಳನ್ನು ನೋಡಿ. ಒಂದು ಕಾಲೇಜಿನ ಕೊನೆಯ ಸೀಟು ಪಡೆದವರಿಗೂ ಒಂದೇ ರ‍್ಯಾಂಕಿನಿಂದ ಅದು ತಪ್ಪಿ ಬೇರೆ ಕಾಲೇಜಿಗೆ ಹೋದವರಿಗೂ ಬುದ್ಧಿಯಲ್ಲಿ ಏನೂ ವ್ಯತ್ಯಾಸವಿಲ್ಲ. ಹತ್ತು ವರ್ಷದ ನಂತರ ಆ ಇಬ್ಬರೂ ಎಲ್ಲಿದ್ದಾರೆ? ಆಪ್ಷನ್ ಎಂಟ್ರಿಯ ಹಳೆಯ ದಾಖಲೆಗಳಿಗೆ ಅರ್ಜಿ ಹಾಕಿ, ಈ ಲೆಕ್ಕ ಮಾಡಿ, ಕನ್ನಡದಲ್ಲೇ ಬರೆಯಿರಿ.