‘ಮೈಸೂರು’ ಬರೆದರೆ ಆರು ಪ್ರಶ್ನೆಚಿಹ್ನೆ

ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ, ಎಂಜಿನಿಯರಿಂಗ್ ಗೈಡುಗಳ ರಾಶಿಯಡಿ ಒಂದು ದಪ್ಪ ಪುಸ್ತಕ ಸಿಕ್ಕಿತು. ಲ್ಯೂಕ್ ವೆಲಿಂಗ್ ಮತ್ತು ಲಾರಾ ಥಾಮ್ಸನ್ ಬರೆದ ‘ಪಿಎಚ್‌ಪಿ ಅಂಡ್ ಮೈಎಸ್‌ಕ್ಯೂಎಲ್ ವೆಬ್ ಡೆವಲಪ್‌ಮೆಂಟ್’, 2003ರ ಎರಡನೇ ಆವೃತ್ತಿ. ಜೊತೆಗಿರಬೇಕಿದ್ದ ಸಿ.ಡಿ. ಇಲ್ಲ. “ಹಳೇ ಮಾಲು ಸಾರ್, ಈಗಿನ ಹುಡುಗ್ರು ಇದನ್ನ ಮುಟ್ಟಲ್ಲ. ಏನಾದ್ರೂ ಕೊಟ್ಟು ತಗೊಂಡ್ಹೋಗಿ” ಎಂದರು ಅಂಗಡಿಯವರು. ಚೌಕಾಸಿ ಮಾಡುವ ವ್ಯವಧಾನವೂ ನನಗಿರಲಿಲ್ಲ. ಟೇಬಲ್ ರಚಿಸುವುದನ್ನು ಕಲಿಸುವ ಪುಟದ ಅಂಚಿನಲ್ಲಿ ಹಿಂದಿನ ಓದುಗರು ಯಾರೋ ಪೆನ್ಸಿಲಿನಲ್ಲಿ ಬರೆದದ್ದು ಕಣ್ಣಿಗೆ ಬಿದ್ದಿತ್ತು: “ಮೈಸೂರು ಅಂತ ಹಾಕಿದರೆ ?????? ಬರ್ತಿದೆ. ಯಾಕೆ?” ಅದರ ಕೆಳಗೆ ನೀಲಿ ಶಾಯಿಯಲ್ಲಿ: “ನುಡಿಯಲ್ಲಿ ಟೈಪ್ ಮಾಡಿದೆ, ಸರಿಹೋಯ್ತು.”

ಇಂಥ ಪುಸ್ತಕ ಮುಂದಿಟ್ಟುಕೊಂಡು ವೆಬ್ ಪ್ರೋಗ್ರಾಮಿಂಗ್ ಕಲಿತ ತಲೆಮಾರು ನಮ್ಮಲ್ಲಿ ದೊಡ್ಡದು. ಗ್ರೀನ್‌ಲೆಂಡಿನಲ್ಲಿ ಹುಟ್ಟಿದ ರಾಸ್ಮಸ್ ಲರ್ಡೋರ್ಫ್ 1994ರಲ್ಲಿ ತನ್ನ ವೈಯಕ್ತಿಕ ಪುಟಕ್ಕೆಂದು ಮಾಡಿಕೊಂಡ ಸಣ್ಣ ಉಪಕರಣಗಳೇ ಪಿಎಚ್‌ಪಿ ಭಾಷೆಯ ಮೂಲ. 1998ರ ಮೂರನೇ ಆವೃತ್ತಿಯಲ್ಲಿ ಆಂಡಿ ಗುಟ್‌ಮನ್ಸ್ ಮತ್ತು ಜೀವ್ ಸುರಾಸ್ಕಿ ಸೇರಿ ಅದಕ್ಕೆ ಗಟ್ಟಿ ಬುನಾದಿ ಹಾಕಿದರು. ಅದರ ಜೋಡಿಯಾದ ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯೂಎಲ್ ಹುಟ್ಟಿದ್ದು 1995ರಲ್ಲಿ, ಸ್ವೀಡನ್‌ನ ಕಂಪನಿಯೊಂದರಲ್ಲಿ. 2008ರಲ್ಲಿ ನೂರು ಕೋಟಿ ಡಾಲರಿಗೆ ಸನ್ ಕಂಪನಿಯ ಪಾಲಾಯಿತು, 2010ರಲ್ಲಿ ಸನ್ ಸಮೇತ ಒರಾಕಲ್ ಕೈಸೇರಿತು. ಎರಡೂ ಪುಕ್ಕಟೆ, ಸಾಧಾರಣ ಕಂಪ್ಯೂಟರಿನಲ್ಲೂ ಓಡುವಂಥವು. ನಮ್ಮ ಹುಡುಗ ಹುಡುಗಿಯರಿಗೆ ಬೇಕಿದ್ದದ್ದೂ ಅದೇ.

ವೆಲಿಂಗ್–ಥಾಮ್ಸನ್ ಪಾಠ ಹೇಳುವ ಕ್ರಮ ನನಗೆ ಬಹಳ ಇಷ್ಟ. ಮೊದಲು ಬಾಬ್ ಎಂಬವನ ಕಾರಿನ ಬಿಡಿಭಾಗಗಳ ಅಂಗಡಿ ಬರುತ್ತದೆ: ಟೈರಿಗೆ 100 ಡಾಲರ್, ಆಯಿಲಿಗೆ 10, ಸ್ಪಾರ್ಕ್ ಪ್ಲಗ್ಗಿಗೆ 4. ಗಿರಾಕಿ ಫಾರಂ ತುಂಬಿ ಕಳಿಸುತ್ತಾನೆ, ಸರ್ವರ್ ಮೊತ್ತ ಲೆಕ್ಕ ಹಾಕುತ್ತದೆ, ಆರ್ಡರು ಒಂದು ಸಾದಾ ಟೆಕ್ಸ್ಟ್ ಫೈಲಿನ ಕೊನೆಯ ಸಾಲಾಗಿ ಸೇರುತ್ತದೆ. ಒಂದೇ ಗಳಿಗೆಯಲ್ಲಿ ಇಬ್ಬರು ಆರ್ಡರ್ ಕೊಟ್ಟರೆ? ಫೈಲಿನ ನಡುವಿನ ಸಾಲೊಂದನ್ನು ಅಳಿಸಬೇಕಾದರೆ? ಲಕ್ಷ ಸಾಲುಗಳಲ್ಲಿ ಒಂದನ್ನು ಹುಡುಕಬೇಕಾದರೆ? ಈ ಪೇಚು ಅನುಭವಕ್ಕೆ ಬಂದ ಮೇಲೆಯೇ ಡೇಟಾಬೇಸ್ ಪ್ರವೇಶ. ಆಮೇಲೆ ಬುಕ್-ಒ-ರಾಮ ಎಂಬ ಪುಸ್ತಕದಂಗಡಿ ತೆರೆದುಕೊಳ್ಳುತ್ತದೆ. ಅಲ್ಲಿ ಗಿರಾಕಿಯ ವಿಳಾಸ ಒಂದೇ ಕಡೆ, ಪ್ರತಿ ಆರ್ಡರಿನಲ್ಲಿ ಅವನ ಸಂಖ್ಯೆ ಮಾತ್ರ. ಈಗಿನ ಹತ್ತು ನಿಮಿಷದ ವಿಡಿಯೋ ಪಾಠವಾದರೋ ಉತ್ತರವನ್ನು ಕೈಗೆ ಕೊಟ್ಟುಬಿಡುತ್ತದೆ, ಪ್ರಶ್ನೆ ಹುಟ್ಟುವವರೆಗೆ ಕಾಯುವುದಿಲ್ಲ. ಪುಸ್ತಕದ ಮೇಲೆ ನನಗಿರುವ ಪಕ್ಷಪಾತಕ್ಕೆ ಇದೇ ಕಾರಣ.

ಇನ್ನು ಆ ಪೆನ್ಸಿಲ್ ಪ್ರಶ್ನೆ. ಮೈಎಸ್‌ಕ್ಯೂಎಲ್‌ನ ಹಳೆಯ ಆವೃತ್ತಿಯೊಂದನ್ನು ಹಾಕಿಕೊಂಡು ಕೂತೆ. ಬೇರೇನೂ ಹೇಳದಿದ್ದರೆ ಅದು ಪ್ರತಿ ಟೇಬಲ್ಲಿಗೂ ಲ್ಯಾಟಿನ್-1 ಅಕ್ಷರಮಾಲೆ ಮತ್ತು ಸ್ವೀಡಿಷ್ ಅಕಾರಾದಿ ಕ್ರಮವನ್ನು ಹಚ್ಚುತ್ತಿತ್ತು. ಹುಟ್ಟಿದೂರಿನ ಅಭ್ಯಾಸ, ಲೋಕಕ್ಕೆಲ್ಲ ಡೀಫಾಲ್ಟ್! ಯುನಿಕೋಡಿನ ‘ಮೈಸೂರು’ ಪದದಲ್ಲಿ ಆರು ಸಂಕೇತಗಳಿವೆ: ಮೂರು ವ್ಯಂಜನ, ಮೂರು ಸ್ವರಚಿಹ್ನೆ. ಅವುಗಳಲ್ಲಿ ಒಂದೂ ಲ್ಯಾಟಿನ್-1ರಲ್ಲಿಲ್ಲ. ಒಂದೊಂದರ ಜಾಗದಲ್ಲೂ ಒಂದೊಂದು ಪ್ರಶ್ನೆಚಿಹ್ನೆ ಬಂದು ಕೂರುತ್ತದೆ. ಪೆನ್ಸಿಲಿನವರು ಎಣಿಸಿ ಬರೆದಿದ್ದರು, ಸರಿಯಾಗಿ ಆರು.

ನೀಲಿ ಶಾಯಿಯ ಉತ್ತರ ಇನ್ನೂ ಸ್ವಾರಸ್ಯದ್ದು. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟುಗಳು ಲ್ಯಾಟಿನ್ ಅಕ್ಷರಗಳಿಗೇ ಕನ್ನಡದ ರೂಪ ತೊಡಿಸುತ್ತಿದ್ದವು. ಹಾಗಾಗಿ ಡೇಟಾಬೇಸಿಗೆ ಅದು ಬರೀ ಲ್ಯಾಟಿನ್, ಪರದೆಯ ಮೇಲೆ ಮಾತ್ರ ಕನ್ನಡ. ಪ್ರಶ್ನೆಚಿಹ್ನೆ ಮಾಯವಾದದ್ದು ನಿಜ. ಆದರೆ ಆ ಫಾಂಟಿನಲ್ಲಿ ತಲಕಟ್ಟು ಎಂದರೆ ನೆತ್ತಿಯ ಮೇಲೆ ಓರೆಗೆರೆ ಇರುವ ದೊಡ್ಡ ‘ಎ’. ಗೆರೆ ಇನ್ನೊಂದು ಕಡೆಗೆ ವಾಲಿದರೆ ದೀರ್ಘ. ಸ್ವೀಡಿಷ್ ಕ್ರಮದಲ್ಲಾದರೋ ಝಡ್ ಆದಮೇಲೆ ಬರುವ ತಮ್ಮ ಮೂರು ವಿಶೇಷ ಅಕ್ಷರಗಳಿಗೆ ಮಾತ್ರ ಮರ್ಯಾದೆ. ಈ ಎರಡು ಓರೆಗೆರೆಗಳೂ ಅದಕ್ಕೆ ಮಾಮೂಲಿ ‘ಎ’ ಅಷ್ಟೆ. ಅಂದರೆ ಕ ಮತ್ತು ಕಾ ಒಂದೇ! ಒಂದು ಸಾಲಿನಲ್ಲಿ ‘ಕರು’, ಇನ್ನೊಂದರಲ್ಲಿ ‘ಕಾರು’ ಎಂದು ತುಂಬಿದೆ. ‘ಕಾರು’ ಎಲ್ಲಿದೆ ಎಂದು ಕೇಳಿದರೆ ಎರಡು ಸಾಲೂ ಬಂದವು. ‘ನಾಡು’ ಕೇಳಿದರೆ ‘ನಡು’ವೂ ಬಂತು, ‘ಕಾಡು’ ಕೇಳಿದರೆ ‘ಕಡು’ವೂ. ಈ ಏರ್ಪಾಡಿನಲ್ಲಿ ಊರಿನ ಹೆಸರು, ಜನರ ಹೆಸರು ತುಂಬಿಟ್ಟವರಿಗೆ ಹುಡುಕಿದಾಗ ಏನೇನು ಸಿಕ್ಕಿರಬಹುದು, ನೆನೆದರೆ ಕಳವಳವಾಗುತ್ತದೆ. ಪರದೆಯಲ್ಲಿ ಸರಿ ಕಂಡದ್ದು ಒಳಗೂ ಸರಿಯಿದೆ ಎಂದು ನಂಬುವುದು ಈ ಕಸುಬಿನ ದೊಡ್ಡ ಅಪಾಯ.

ಈ ಪುಸ್ತಕದ ಕೋಡ್ ಇಂದು ಇದ್ದ ಹಾಗೇ ಓಡುವುದಿಲ್ಲ. ಅದು ನೆಚ್ಚಿದ್ದ ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನು 2015ರ ಪಿಎಚ್‌ಪಿ 7 ಕಿತ್ತುಹಾಕಿತು. ಗಿರಾಕಿ ಟೈಪಿಸಿದ್ದನ್ನು ಎಸ್‌ಕ್ಯೂಎಲ್ ವಾಕ್ಯದೊಳಗೆ ನೇರವಾಗಿ ಜೋಡಿಸುವ ಅಂದಿನ ರೂಢಿ ಕಳ್ಳರಿಗೆ ಬಾಗಿಲು ತೆರೆದಿಟ್ಟಂತೆ. ಈಗ ವಾಕ್ಯವನ್ನೂ ಮೌಲ್ಯವನ್ನೂ ಬೇರೆ ಬೇರೆಯಾಗಿ ಕಳಿಸುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಲೇಬೇಕು. 2018ರ ಮೈಎಸ್‌ಕ್ಯೂಎಲ್ 8.0ರಿಂದ ಯುನಿಕೋಡಿನ ಯುಟಿಎಫ್8ಎಂಬಿ4 ಡೀಫಾಲ್ಟ್ ಆಗಿದೆ. ಯುನಿಕೋಡಿನಲ್ಲಿ ತುಂಬಿದರೆ ‘ಕರು’, ‘ಕಾರು’ ಬೇರೆಯಾಗಿಯೇ ಉಳಿಯುತ್ತವೆ. ಹೊಸಬರು ಹೊಸ ಆವೃತ್ತಿಯ ಪುಸ್ತಕವನ್ನೇ ಕೊಳ್ಳಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಷ್ಟೇ ಹೊಸದಾದರೂ ಅದರ ಉದಾಹರಣೆಗಳು ಬಾಬ್‌ನ ಊರಿನವು. ನಮ್ಮ ಅಕ್ಷರಗಳು ಎಲ್ಲಿ ಎಡವುತ್ತವೆ ಎಂದು ಅದು ಹೇಳುವುದಿಲ್ಲ. ಹೇಳಿದ್ದು ಅಂಚಿನಲ್ಲಿ ಬರೆದವರು.

ಆದ್ದರಿಂದ ಕಲಿಯುವವರಿಗೆ ನನ್ನದೊಂದು ಒತ್ತಾಯ: ಮೊದಲ ಟೇಬಲ್ಲಿಗೆ ನಿಮ್ಮ ತಾಲ್ಲೂಕಿನ ಊರುಗಳ ಹೆಸರನ್ನೇ ಕನ್ನಡದಲ್ಲಿ ತುಂಬಿ. ಹುಡುಕಿ ನೋಡಿ, ಅಕಾರಾದಿಯಾಗಿ ಜೋಡಿಸಿ ನೋಡಿ, ತಪ್ಪಿದ್ದು ಯಾಕೆಂದು ಬರೆದಿಡಿ. ಕನ್ನಡದಲ್ಲಿ ಡೇಟಾಬೇಸ್ ಪುಸ್ತಕ ಬರೆಯುವವರು ‘ಕರು–ಕಾರು’ ಪರೀಕ್ಷೆಯನ್ನು ಅನುಬಂಧಕ್ಕೆ ತಳ್ಳದೆ ಮೊದಲ ಅಧ್ಯಾಯದಲ್ಲೇ ಇಡಬೇಕು. ಹುಡುಕಿದ ಹೆಸರು ತಪ್ಪದೆ ಸಿಗಬೇಕೆಂಬುದು ಕನ್ನಡದಲ್ಲಿ ವ್ಯವಹರಿಸುವ ಪ್ರತಿಯೊಬ್ಬರ ಹಕ್ಕು.