ಇಂಗ್ಲೆಂಡಿನಲ್ಲಿ ಮೇಷ್ಟ್ರ ಕೆಲಸ: ಕೇಳಿದ್ದೆಷ್ಟು, ನಿಜವೆಷ್ಟು?

2023ರ ಫೆಬ್ರವರಿಯಿಂದ ಭಾರತದಲ್ಲಿ ತರಬೇತಿ ಪಡೆದ ಶಿಕ್ಷಕರೂ ಇಂಗ್ಲೆಂಡಿನ ಕ್ಯೂಟಿಎಸ್‌ಗೆ, ಅಂದರೆ ಅಲ್ಲಿನ ಅರ್ಹ ಶಿಕ್ಷಕ ಮಾನ್ಯತೆಗೆ, ನೇರವಾಗಿ ಅರ್ಜಿ ಹಾಕಬಹುದು. ಸುದ್ದಿ ಇದ್ದದ್ದು ಇಷ್ಟೇ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಕೇಂದ್ರದ ಊಟದ ಬಿಡುವಿನಲ್ಲಿ ಬಾಯಿಂದ ಬಾಯಿಗೆ ದಾಟುವಷ್ಟರಲ್ಲಿ ಅದಕ್ಕೆ ರೆಕ್ಕೆಪುಕ್ಕ ಬಂದವು. ಮಕ್ಕಳಿಗೆ ಅರ್ಧ ಅಂಕ ಕೊಡಲೂ ಕೀ ಆನ್ಸರ್ ತಿರುವಿ ನೋಡುವ ನಾವು, ಈ ಮಾತುಗಳಿಗೆ ಮಾತ್ರ ನೋಡದೆಯೇ ಪೂರ್ತಿ ಅಂಕ ಕೊಟ್ಟೆವು.

ಬಿ.ಇಡಿ. ಆಗಿದ್ದರೆ ಸಾಕು, ಯಾವ ವಿಷಯದವರಾದರೂ ಹೋಗಬಹುದು ಎಂಬುದು ಮೊದಲ ನಂಬಿಕೆ.

ವಾಸ್ತವ: ಭಾರತದವರಿಗೆ ಈ ದಾರಿ ಇರುವುದು 11ರಿಂದ 16 ವರ್ಷದ ಮಕ್ಕಳಿಗೆ ಗಣಿತ, ವಿಜ್ಞಾನ ಇಲ್ಲವೇ ಭಾಷೆ ಕಲಿಸುವ ಅರ್ಹತೆ ಉಳ್ಳವರಿಗೆ ಮಾತ್ರ. ಪದವಿ, ಶಿಕ್ಷಕ ತರಬೇತಿ, ಬೋಧನಾನುಭವ ಮೂರೂ ಬೇಕು. ಸಮಾಜ ವಿಜ್ಞಾನದವರು, ದೈಹಿಕ ಶಿಕ್ಷಕರು ಇದರೊಳಗೆ ಬರುವುದಿಲ್ಲ. ಭಾಷೆ ಎಂದೊಡನೆ ಕನ್ನಡ ಮೇಷ್ಟ್ರು ಹಿಗ್ಗುವಂತಿಲ್ಲ. ಅಲ್ಲಿನ ಜಿಸಿಎಸ್‌ಇ ಪರೀಕ್ಷೆಯಲ್ಲಿ ಗುಜರಾತಿ, ಪಂಜಾಬಿ, ಬಂಗಾಳಿ, ಉರ್ದು ಇವೆ, ಕನ್ನಡ ಇಲ್ಲ. ಶಾಲೆಗಳು ಹುಡುಕುವುದು ಹೆಚ್ಚಾಗಿ ಫ್ರೆಂಚ್, ಸ್ಪ್ಯಾನಿಷ್, ಜರ್ಮನ್ ಬಲ್ಲವರನ್ನು. ಪಿಸಿಎಂ ಮೇಷ್ಟ್ರಿಗೆ ಇನ್ನೊಂದು ತೊಡಕು. ನಮ್ಮ ಹೈಸ್ಕೂಲಿನಲ್ಲಿ ಅವರು ಗಣಿತದ ಜೊತೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ತೆಗೆದುಕೊಂಡು, ಜೀವಶಾಸ್ತ್ರವನ್ನು ಸಿಬಿಝಡ್‌ನವರಿಗೆ ಬಿಟ್ಟು ನಿಶ್ಚಿಂತೆಯಾಗಿರುತ್ತಾರೆ. ಅಲ್ಲಿ ಗಣಿತದ್ದೇ ಬೇರೆ ವಿಭಾಗ. ವಿಜ್ಞಾನಕ್ಕೆ ಸೇರಿದರೆ ಕೆಳಗಿನ ತರಗತಿಗಳಲ್ಲಿ ಸಾಮಾನ್ಯವಾಗಿ ಮೂರನ್ನೂ ಕಲಿಸಬೇಕು. ಹೂವಿನ ಭಾಗಗಳ ಚಿತ್ರವನ್ನೂ ಬರೆದು ತೋರಿಸಬೇಕಾಗುತ್ತದೆ.

ಕ್ಯೂಟಿಎಸ್ ಕೈಗೆ ಬಂದರೆ ಕೆಲಸ ಸಿಕ್ಕಂತೆ, ವೀಸಾ ಬಂದಂತೆ.

ವಾಸ್ತವ: ಮೂರೂ ಬೇರೆ ಬೇರೆ. ಕ್ಯೂಟಿಎಸ್ ಬರೀ ಮಾನ್ಯತೆ, ಅದೂ ಇಂಗ್ಲೆಂಡಿನದು. ಸ್ಕಾಟ್ಲೆಂಡಿಗೆ ಪ್ರತ್ಯೇಕ ನೋಂದಣಿ ಬೇಕು. ಕೆಲಸ ಕೊಡುವುದು ಶಾಲೆ. ಆ ಶಾಲೆಗೋ ಅದನ್ನು ನಡೆಸುವ ಸಂಸ್ಥೆಗೋ ಸ್ಪಾನ್ಸರ್ ಲೈಸೆನ್ಸ್ ಇದ್ದರೆ ಮಾತ್ರ ಸ್ಕಿಲ್ಡ್ ವರ್ಕರ್ ವೀಸಾದ ಮಾತು.

ಹತ್ತು ಹದಿನೈದು ಲಕ್ಷ ಕೊಟ್ಟರೆ ಏಜೆಂಟ್ ಎಲ್ಲವನ್ನೂ ಮಾಡಿಸಿಕೊಡುತ್ತಾನೆ, ಸ್ಪಾನ್ಸರ್ ಸರ್ಟಿಫಿಕೇಟಿಗೂ ಒಂದು ರೇಟ್ ಇದೆ ಎನ್ನುತ್ತಾರೆ.

ವಾಸ್ತವ: ಮನೆ ಅಡವಿಟ್ಟು ದುಡ್ಡು ಕಟ್ಟುವವರು ಇರುವುದರಿಂದ ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು. ಕ್ಯೂಟಿಎಸ್ ಅರ್ಜಿಗೆ ಶುಲ್ಕವೇ ಇಲ್ಲ. ಶಾಲೆಗಳು ಹುದ್ದೆಗಳನ್ನು ಪ್ರಕಟಿಸುವ ಸರ್ಕಾರಿ ತಾಣ ‘ಟೀಚಿಂಗ್ ವೇಕೆನ್ಸೀಸ್’ ಕೂಡ ಉಚಿತ. ಸರ್ಟಿಫಿಕೇಟ್ ಎಂದರೆ ಮೊಹರು ಒತ್ತಿದ ಕಾಗದವಲ್ಲ; ಬ್ರಿಟನ್ನಿನ ಗೃಹ ಇಲಾಖೆಯ ಕಂಪ್ಯೂಟರಿನಲ್ಲಿರುವ ದಾಖಲೆ, ನಮಗೆ ಸಿಗುವುದು ಅದರ ಸಂಖ್ಯೆ. ಲೈಸೆನ್ಸ್ ಪಡೆದವರ ಪಟ್ಟಿಯನ್ನು ಇಲಾಖೆಯೇ ಪ್ರಕಟಿಸುತ್ತದೆ, ಯಾರು ಬೇಕಾದರೂ ಹುಡುಕಿ ನೋಡಬಹುದು. ಕೆಲಸ ಹುಡುಕಿಕೊಟ್ಟಿದ್ದಕ್ಕೆ ಕೆಲಸ ಕೇಳಿದವರಿಂದಲೇ ಹಣ ಪಡೆಯುವುದನ್ನು ಬ್ರಿಟನ್ನಿನ 1973ರ ಏಜೆನ್ಸಿ ಕಾಯ್ದೆ ನಿಷೇಧಿಸಿದೆ. ನಮ್ಮಲ್ಲಿ 1983ರ ವಲಸೆ ಕಾಯ್ದೆಯಡಿ ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿಯ ಮಿತಿ ಇದೆ, ಜಿಎಸ್‌ಟಿ ಬೇರೆ. ಹಾಗಾದರೆ ಲಕ್ಷಗಳು ಯಾವುದಕ್ಕೆ? ರಸೀದಿ ಕೇಳಿ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಜಾತಕದ ಹನ್ನೆರಡನೇ ಮನೆಯಲ್ಲಿ ರಾಹು ಇದ್ದರೆ ವಿದೇಶಯೋಗ ಖಂಡಿತ. ಇಲ್ಲದಿದ್ದರೆ ಹೈದರಾಬಾದಿನ ಹತ್ತಿರದ ಚಿಲ್ಕೂರಿಗೆ ಹೋಗಿ ವೀಸಾ ಬಾಲಾಜಿಗೆ ಹನ್ನೊಂದು ಪ್ರದಕ್ಷಿಣೆ ಹಾಕಿ ಬರಬೇಕು.

ವಾಸ್ತವ: ಪ್ರದಕ್ಷಿಣೆಯಿಂದ ಮನಸ್ಸಿಗೆ ನೆಮ್ಮದಿ ಸಿಕ್ಕರೆ ಬೇಡ ಎನ್ನಲು ನಾವು ಯಾರು? ಆದರೆ ಈ ವೀಸಾ ಅದೃಷ್ಟದ ಆಟವಲ್ಲ, ಅಂಕಗಳ ಲೆಕ್ಕ. ಬೇಕಿರುವುದು 70. ಸ್ಪಾನ್ಸರ್‌ಗೆ 20, ಹುದ್ದೆಯ ಮಟ್ಟಕ್ಕೆ 20, ಇಂಗ್ಲಿಷಿಗೆ 10, ಸಂಬಳಕ್ಕೆ 20. ತಿರಸ್ಕರಿಸಿದರೆ ಪತ್ರದಲ್ಲಿ ಕಾರಣವನ್ನೂ ಬರೆಯುತ್ತಾರೆ. ಆ ಪತ್ರವನ್ನು ಪೂರ್ತಿ ಓದದೆ ಜ್ಯೋತಿಷಿಯ ಹತ್ತಿರ ಓಡುವುದೇ ನಮ್ಮ ತೊಂದರೆ. ಅಂದಹಾಗೆ, ಇಂಗ್ಲಿಷಿಗೆ ಐಇಎಲ್‌ಟಿಎಸ್ ಒಂದೇ ದಾರಿ ಎಂಬುದೂ ಸುಳ್ಳು. ಇಂಗ್ಲಿಷ್ ಮಾಧ್ಯಮದಲ್ಲಿ ಪದವಿ ಪಡೆದವರು ಅದರ ಅಧಿಕೃತ ದೃಢೀಕರಣ ಮಾಡಿಸಿ ಸಲ್ಲಿಸಬಹುದು.

ಸಂಬಳವನ್ನು ರೂಪಾಯಿಗೆ ಗುಣಿಸಿದರೆ ಎರಡೇ ವರ್ಷದಲ್ಲಿ ಸೈಟು, ಮನೆ ಎರಡೂ ಆಗುತ್ತವೆ.

ವಾಸ್ತವ: ಗುಣಿಸುವ ಮೊದಲು ಕಳೆಯಬೇಕು. 2025ರ ಸೆಪ್ಟೆಂಬರಿನಿಂದ ಲಂಡನ್ ಪ್ರದೇಶದ ಹೊರಗೆ ಅರ್ಹ ಶಿಕ್ಷಕರ ಆರಂಭಿಕ ವೇತನ ವರ್ಷಕ್ಕೆ 32,916 ಪೌಂಡ್. ಆದಾಯ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್, ಪಿಂಚಣಿ ವಂತಿಗೆ ಕಳೆದರೆ ತಿಂಗಳಿಗೆ ಕೈಗೆ ಬರುವುದು ಸುಮಾರು 2,100. ಅದರಲ್ಲೇ ಬಾಡಿಗೆ, ಕೌನ್ಸಿಲ್ ತೆರಿಗೆ, ಚಳಿಗಾಲದ ಹೀಟಿಂಗ್ ಬಿಲ್ಲು, ಬಸ್ಸು. ಹೊರಡುವ ಮೊದಲೇ ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 1,035 ಪೌಂಡ್. ಮೂರು ವರ್ಷದ ವೀಸಾ ಆದರೆ ಮೂರು ವರ್ಷದ್ದೂ ಒಟ್ಟಿಗೆ, ಹೆಂಡತಿಯೋ ಗಂಡನೋ ಜೊತೆಗೆ ಬಂದರೆ ಅವರದ್ದೂ. ಉಳಿತಾಯ ಆಗುವುದೇ ಇಲ್ಲವೆಂದಲ್ಲ, ಎರಡು ವರ್ಷಕ್ಕೆ ಮನೆ ಆಗುವುದಿಲ್ಲ.

ಮೂರು ಗಂಟೆಗೆ ಶಾಲೆ ಬಿಟ್ಟರೆ ಅಲ್ಲಿನ ಮೇಷ್ಟ್ರು ಆರಾಮ.

ವಾಸ್ತವ: ಸರ್ಕಾರಿ ಶಾಲೆಗಳ ಸೇವಾ ನಿಯಮದಂತೆ ವರ್ಷಕ್ಕೆ 195 ದಿನ, ಮುಖ್ಯೋಪಾಧ್ಯಾಯರು ಹೇಳಿದಲ್ಲಿ ಹೇಳಿದಂತೆ 1,265 ಗಂಟೆ ಕೆಲಸ. ಇದಲ್ಲದೆ ಪುಸ್ತಕ ತಿದ್ದಲು, ಪಾಠ ತಯಾರಿಸಲು ಬೇಕಾಗುವಷ್ಟು ಹೆಚ್ಚುವರಿ ಹೊತ್ತು ಎಂದು ಅದೇ ನಿಯಮ ಹೇಳುತ್ತದೆ. ಆ ಹೊತ್ತಿಗೆ ಮಿತಿ ಹಾಕಿಲ್ಲ.

ಕೊನೆಯದು, ಅಲ್ಲಿನ ಮಕ್ಕಳು ಶಿಸ್ತಿನವರು, ಪಾಠ ಹೇಳಿದರೆ ಮುಗಿಯಿತು ಎಂಬುದು.

ವಾಸ್ತವ: ಸರ್, ಮಿಸ್ ಎಂದು ಕರೆಯುವುದೇನೋ ನಿಜ, ಮದುವೆಯಾಗಿ ಮೊಮ್ಮಕ್ಕಳಿರುವ ಟೀಚರೂ ಅಲ್ಲಿ ಮಿಸ್ಸೇ. ಆದರೆ ಮೇಷ್ಟ್ರು ಒಳಗೆ ಬಂದ ಮಾತ್ರಕ್ಕೆ ತರಗತಿ ಸುಮ್ಮನಾಗುತ್ತದೆಂದು ಎಣಿಸಬೇಡಿ. ಯಾರು ಎಲ್ಲಿ ಕೂರಬೇಕೆಂಬ ನಕ್ಷೆ, ಮೊದಲ ಎಚ್ಚರಿಕೆ, ಎರಡನೆಯದು, ಆಮೇಲೆ ಶಾಲೆ ಬಿಟ್ಟ ಮೇಲೆ ಕೂರಿಸುವ ಡಿಟೆನ್ಷನ್, ಎಲ್ಲವೂ ಶಾಲೆಯ ಲಿಖಿತ ನೀತಿಯಂತೆ ನಡೆಯಬೇಕು, ದಾಖಲಾಗಬೇಕು. ಬೆತ್ತದ ಮಾತಂತೂ ಇಲ್ಲ. ನಮ್ಮಲ್ಲೂ 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ನಿಷೇಧಿಸಿದೆ. ಗಲಾಟೆ ಮಾಡುವ ಮಗುವನ್ನು ಹೇಗೆ ನಿಭಾಯಿಸುತ್ತೀರಿ ಎಂಬುದು ಅಲ್ಲಿನ ಸಂದರ್ಶನಗಳಲ್ಲಿ ಮಾಮೂಲಿ ಪ್ರಶ್ನೆ. ಬೆಂಚಿನ ಮೇಲೆ ನಿಲ್ಲಿಸುತ್ತೇನೆ ಎಂದರೆ ಸಂದರ್ಶನ ಅಲ್ಲಿಗೇ ಮುಗಿಯುತ್ತದೆ.